ತೆರಿಗೆ ಇಳಿಸಿದರೆ ಯಾರಿಗೆ, ಖರ್ಚು ಮಾಡಿದರೆ ಎಲ್ಲಿಗೆ?

ಶುಕ್ರವಾರ ಬೆಳಿಗ್ಗೆ ಹತ್ತು ದಾಟಿತೆಂದರೆ ಮಡಿಕೇರಿಯ ಮಹದೇವಪೇಟೆಯಲ್ಲಿ ಕಾಲಿಡಲು ಜಾಗ ಸಿಗದು. ಸಂತೆಯ ದಿನ. ತೋಟದ ಜೀಪುಗಳು ಎಂಟು ಹತ್ತು ಮಂದಿಯನ್ನು ತುಂಬಿಕೊಂಡು ಬಂದು ಇಳಿಸಿ ಹೋಗುತ್ತವೆ. ಕೈಯಲ್ಲಿ ಬಟವಾಡೆಯ ದುಡ್ಡು. ತರಕಾರಿ ಮೈಸೂರು ಸೀಮೆಯದು, ಒಣಮೀನು ಮಂಗಳೂರು ಕಡೆಯದು, ನೈಟಿ, ಪ್ಲಾಸ್ಟಿಕ್ ಬಕೆಟ್ಟು ಎಲ್ಲಿಯದೋ. "ಅಕ್ಕಾ, ಈರುಳ್ಳಿ ಒಂದು ಕೆ.ಜಿ. ಹಾಕಲಾ?" "ಅರ್ಧ ಸಾಕು ಅಣ್ಣ, ಮೀನಿಗೂ ಬೇಕಲ್ಲ." ಚೌಕಾಸಿ ಮುಗಿಯುವಷ್ಟರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂಬ ವಿಚಾರಣೆಯೂ ಒಂದು ಸುತ್ತು ಆಗಿರುತ್ತದೆ.

ಅದೇ ಪೇಟೆಯ ಬ್ಯಾಂಕುಗಳೊಳಗೆ ನಡೆಯುವ ಮಾತು ಬೇರೆ. ಹನ್ನೆರಡು ಲಕ್ಷದ ತನಕ ಆದಾಯ ತೆರಿಗೆ ಇಲ್ಲವಂತಲ್ಲ, ಹಳೆಯ ಪದ್ಧತಿ ಬಿಟ್ಟು ಹೊಸದಕ್ಕೆ ಹೋದರೆ ಲಾಭವೋ ನಷ್ಟವೋ?

ಸಂತೆಯಲ್ಲಿ ಚರ್ಚೆಯಾಗುವುದು ಸರ್ಕಾರದ ಖರ್ಚು. ಬ್ಯಾಂಕಿನಲ್ಲಿ ಚರ್ಚೆಯಾಗುವುದು ತೆರಿಗೆ ಕಡಿತ. ಜನರ ಕೈಯಲ್ಲಿ ದುಡ್ಡು ಓಡಾಡಲಿ, ವ್ಯಾಪಾರ ಚುರುಕಾಗಲಿ ಎಂದೇ ಎರಡನ್ನೂ ಸರ್ಕಾರಗಳು ಸಮರ್ಥಿಸಿಕೊಳ್ಳುತ್ತವೆ. ಎರಡರಲ್ಲಿ ಯಾವುದು ಮೇಲು ಎಂಬ ಜಗಳ ಅರ್ಥಶಾಸ್ತ್ರಜ್ಞರಲ್ಲಿ ಇನ್ನೂ ಬಗೆಹರಿದಿಲ್ಲ. ಕೊಡಗಿನಲ್ಲಿ ನಿಂತು ನೋಡಿದರೆ ಮಾತ್ರ ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ: ಆ ದುಡ್ಡು ಯಾರ ಮನೆಗೆ ಬರುತ್ತದೆ, ಬಂದದ್ದು ಎಷ್ಟು ದಿನ ಇಲ್ಲಿ ನಿಲ್ಲುತ್ತದೆ?

ಎರಡು ಪಂಥ

ಜನ ಖರ್ಚು ಮಾಡಲು ಹೆದರಿ ಕೂತಾಗ ಸರ್ಕಾರವೇ ಮುಂದೆ ಬಂದು ಖರ್ಚು ಮಾಡಬೇಕು, ಸಾಲ ಮಾಡಿಯಾದರೂ ಸರಿ. ಇದು ಬ್ರಿಟನ್ನಿನ ಜಾನ್ ಮೇನಾರ್ಡ್ ಕೇನ್ಸ್ 1936ರಲ್ಲಿ ಮಂಡಿಸಿದ ವಾದ. ಸರ್ಕಾರ ರಸ್ತೆ ಮಾಡಿಸಿದರೆ ಕೂಲಿಯವನಿಗೆ ಸಂಬಳ, ಅವನಿಂದ ಅಂಗಡಿಗೆ ವ್ಯಾಪಾರ, ಅಂಗಡಿಯಿಂದ ಮಿಲ್ಲಿಗೆ ಆರ್ಡರು.

ಎದುರು ಪಂಥದವರು ಹೇಳುವುದು: ದುಡ್ಡನ್ನು ಗಳಿಸಿದವನಿಗೇ ಬಿಡಿ, ಅದನ್ನು ಎಲ್ಲಿ ಹಾಕಬೇಕೆಂದು ಅಧಿಕಾರಿಗಿಂತ ಅವನಿಗೆ ಚೆನ್ನಾಗಿ ಗೊತ್ತು. ಅಮೆರಿಕದಲ್ಲಿ ರೊನಾಲ್ಡ್ ರೇಗನ್ 1981ರಲ್ಲಿ ಅಧಿಕಾರ ಹಿಡಿದಾಗ ಆದಾಯ ತೆರಿಗೆಯ ಗರಿಷ್ಠ ದರ ಶೇ 70 ಇತ್ತು, ಬಿಟ್ಟು ಹೋಗುವ ಹೊತ್ತಿಗೆ ಶೇ 28. ನಮ್ಮಲ್ಲಿ 1973-74ರಲ್ಲಿ ಸರ್ಚಾರ್ಜೂ ಸೇರಿ ಗರಿಷ್ಠ ದರ ಶೇ 97.75 ಮುಟ್ಟಿತ್ತೆಂದರೆ ಇಂದಿನವರು ನಂಬಲಿಕ್ಕಿಲ್ಲ. ನೂರು ರೂಪಾಯಿಯಲ್ಲಿ ಎರಡೂಕಾಲು ರೂಪಾಯಿ ಉಳಿಸಿಕೊಳ್ಳಲು ಯಾರು ಲೆಕ್ಕ ತೋರಿಸುತ್ತಾರೆ? ಇಳಿಯುತ್ತ ಬಂದ ಆ ದರವನ್ನು 1997ರಲ್ಲಿ ಹಣಕಾಸು ಸಚಿವ ಪಿ. ಚಿದಂಬರಂ ಶೇ 40ರಿಂದ 30ಕ್ಕೆ ತಂದ ಬಜೆಟ್ಟಿಗೆ 'ಕನಸಿನ ಬಜೆಟ್' ಎಂದೇ ಹೆಸರು ಬಿತ್ತು.

ಆದರೆ ದರ ಇಳಿಸಿದಷ್ಟೂ ಒಳ್ಳೆಯದೆಂದೇನೂ ಅಲ್ಲ. 2022ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಲಿಜ್ ಟ್ರಸ್ ಸರ್ಕಾರ ಸುಮಾರು 45 ಶತಕೋಟಿ ಪೌಂಡುಗಳ ತೆರಿಗೆ ಕಡಿತ ಘೋಷಿಸಿತು. ಆ ಹಣವನ್ನು ಎಲ್ಲಿಂದ ತುಂಬುತ್ತೀರಿ ಎಂಬುದಕ್ಕೆ ಉತ್ತರ ಇರಲಿಲ್ಲ. ಪೌಂಡು ಕುಸಿಯಿತು, ಸಾಲದ ಬಡ್ಡಿ ಏರಿತು, ಒಂದು ತಿಂಗಳೊಳಗೆ ಪ್ರಧಾನಿಯೇ ರಾಜೀನಾಮೆ ಘೋಷಿಸಿದರು. ನಮ್ಮಲ್ಲೂ 2019ರ ಸೆಪ್ಟೆಂಬರಿನಲ್ಲಿ ಕಂಪನಿ ತೆರಿಗೆಯ ಮೂಲ ದರವನ್ನು ಶೇ 30ರಿಂದ 22ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಕೈಬಿಟ್ಟ ಅಂದಾಜಿತ್ತು. ಅದರಿಂದ ಹೊಸ ಹೂಡಿಕೆ ಹರಿದು ಬಂತೇ ಎಂದು ಅಳೆಯುವ ಮೊದಲೇ ಕೋವಿಡ್ ಬಂದು ಲೆಕ್ಕವನ್ನೆಲ್ಲ ಕಲಸಿ ಹಾಕಿತು.

ಒಂದು ರೂಪಾಯಿಗೆ ಎಷ್ಟು?

ಹಾಗಾದರೆ ಅಳತೆಗೋಲು ಇಲ್ಲವೇ? ಇದೆ. ಸರ್ಕಾರ ಒಂದು ರೂಪಾಯಿ ಖರ್ಚು ಮಾಡಿದರೆ, ಅಥವಾ ಒಂದು ರೂಪಾಯಿ ತೆರಿಗೆ ಬಿಟ್ಟುಕೊಟ್ಟರೆ, ದೇಶದ ಒಟ್ಟು ಉತ್ಪಾದನೆ ಎಷ್ಟು ಹೆಚ್ಚುತ್ತದೆ ಎಂಬ ಲೆಕ್ಕ. ಇದಕ್ಕೆ ಗುಣಕ ಎನ್ನುತ್ತಾರೆ. ದೆಹಲಿಯ ರಾಷ್ಟ್ರೀಯ ಸಾರ್ವಜನಿಕ ಹಣಕಾಸು ಮತ್ತು ನೀತಿ ಸಂಸ್ಥೆಯಲ್ಲಿ ಸುಕನ್ಯಾ ಬೋಸ್ ಮತ್ತು ಎನ್.ಆರ್. ಭಾನುಮೂರ್ತಿ 2013ರಲ್ಲಿ ಭಾರತಕ್ಕೆ ಈ ಲೆಕ್ಕ ಹಾಕಿದರು. ಭಾನುಮೂರ್ತಿ ಮುಂದೆ ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಕುಲಪತಿಯೂ ಆದರು.

ಅವರಿಗೆ ಕಂಡದ್ದು ಹೀಗೆ: ರಸ್ತೆ, ಸೇತುವೆ, ಆಸ್ಪತ್ರೆಯಂಥ ಬಂಡವಾಳ ವೆಚ್ಚದ ಒಂದು ರೂಪಾಯಿಗೆ 2.45 ರೂಪಾಯಿ. ಜನರ ಖಾತೆಗೆ ನೇರವಾಗಿ ಹಾಕುವ ಹಣಕ್ಕೆ 0.98. ಸರ್ಕಾರದ ಇತರ ದಿನನಿತ್ಯದ ಖರ್ಚಿಗೆ 0.99. ತೆರಿಗೆ ಕಡಿತಕ್ಕೆ ಹೆಚ್ಚುಕಡಿಮೆ 1.

ಅಂದರೆ ಟಿ.ವಿ. ಚರ್ಚೆಯಲ್ಲಿ ಪರಸ್ಪರ ಕತ್ತಿ ಮಸೆಯುವ ಇಬ್ಬರು, 'ಬಿಟ್ಟಿ ಭಾಗ್ಯ' ಎಂದು ಹೀಗಳೆಯುವವರು ಮತ್ತು 'ಶ್ರೀಮಂತರಿಗೆ ವಿನಾಯಿತಿ' ಎಂದು ಮೂದಲಿಸುವವರು, ಈ ಲೆಕ್ಕದಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ದೊಡ್ಡ ಅಂತರ ಇರುವುದು ಅವರಿಬ್ಬರ ನಡುವೆ ಅಲ್ಲ, ಕಟ್ಟುವ ಖರ್ಚಿಗೂ ಉಳಿದೆಲ್ಲದಕ್ಕೂ ನಡುವೆ. ಹಾಗೆಂದು ಹಸಿದವರ ಅಕ್ಕಿಯನ್ನು ಗುಣಕದಲ್ಲಿ ತೂಗುವುದು ಸರಿಯೆಂದು ನಾನು ಹೇಳಲಾರೆ. ಅನ್ನಭಾಗ್ಯ ಆರ್ಥಿಕ ಬೆಳವಣಿಗೆಗಾಗಿ ಹುಟ್ಟಿದ್ದಲ್ಲ.

ಇನ್ನೊಂದು ಮಾತು. ಇದು ಇಡೀ ದೇಶದ ಲೆಕ್ಕ, ಜಿಲ್ಲೆಯದು ಬೇರೆ. ಕೊಡಗಿನಲ್ಲಿ ಕೊಳ್ಳುವ ಅಕ್ಕಿ, ಸಿಮೆಂಟು, ಬಟ್ಟೆ, ಔಷಧಿಯಲ್ಲಿ ಹೆಚ್ಚಿನದು ಹೊರಗಿನಿಂದ ಬರುತ್ತದೆ. ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದ ಕಾರ್ಮಿಕ ಕೂಲಿಯ ಬಹುಪಾಲನ್ನು ಊರಿಗೆ ಕಳಿಸುತ್ತಾನೆ. ಮಕ್ಕಳ ಕಾಲೇಜು ಶುಲ್ಕ ಮೈಸೂರಿಗೋ ಬೆಂಗಳೂರಿಗೋ ಹೋಗುತ್ತದೆ. ಬದು ಒಡೆದ ಏರುಗದ್ದೆಯಲ್ಲಿ ನೀರು ನಿಲ್ಲದ ಹಾಗೆ, ಇಲ್ಲಿಗೆ ಬಂದ ರೂಪಾಯಿ ಒಂದೆರಡು ಕೈ ದಾಟುವಷ್ಟರಲ್ಲಿ ಜಿಲ್ಲೆ ಬಿಟ್ಟಿರುತ್ತದೆ.

ತೆರಿಗೆಯೇ ಇಲ್ಲದವರಿಗೆ ಕಡಿತವೆಲ್ಲಿ?

2025ರ ಫೆಬ್ರುವರಿ 1ರ ಕೇಂದ್ರ ಬಜೆಟ್ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದಿತು. ಸಂಬಳದಾರರಿಗೆ 75 ಸಾವಿರದ ಕಡಿತವೂ ಸೇರಿ 12.75 ಲಕ್ಷ. ವರ್ಷಕ್ಕೆ 12 ಲಕ್ಷ ಆದಾಯ ಇದ್ದವರಿಗೆ ಉಳಿದದ್ದು 80 ಸಾವಿರ ರೂಪಾಯಿ.

ಕೊಡಗಿನಲ್ಲಿ ಇದು ಯಾರಿಗೆ? ಕಾಲೇಜು ಅಧ್ಯಾಪಕರಿಗೆ, ಬ್ಯಾಂಕ್ ಅಧಿಕಾರಿಗಳಿಗೆ, ಎಂಜಿನಿಯರುಗಳಿಗೆ, ಒಳ್ಳೆಯ ಪಿಂಚಣಿ ಇರುವ ನಿವೃತ್ತ ಸೇನಾಧಿಕಾರಿಗಳಿಗೆ. ಜಿಲ್ಲೆಯ ಬೆನ್ನೆಲುಬಾದ ಕಾಫಿ ಬೆಳೆಗಾರರಿಗೆ ಇದರಿಂದ ಬಹುಮಟ್ಟಿಗೆ ಏನೂ ಇಲ್ಲ, ಏಕೆಂದರೆ ಕೃಷಿ ಆದಾಯ ಕೇಂದ್ರದ ಆದಾಯ ತೆರಿಗೆಯ ಹೊರಗಿದೆ. ಬೆಳೆದ ಕಾಫಿಯನ್ನು ಹಾಗೇ ಮಾರಿದರೆ ತೆರಿಗೆ ಇಲ್ಲ. ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ ಶೇ 25 ಮಾತ್ರ ತೆರಿಗೆಗೆ ಒಳಪಡುತ್ತದೆ, ಹುರಿದು ಪುಡಿ ಮಾಡಿ ಮಾರಿದರೆ ಶೇ 40.

ಹಿಂದೆ ಹೀಗಿರಲಿಲ್ಲ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗಲೇ, 1951ರಲ್ಲಿ, ಇಲ್ಲಿಗೆ ತನ್ನದೇ ಕೃಷಿ ಆದಾಯ ತೆರಿಗೆ ಕಾಯ್ದೆ ಇತ್ತು. ಏಕೀಕರಣದ ಮರುವರ್ಷ, 1957ರಲ್ಲಿ, ಇಡೀ ಮೈಸೂರು ರಾಜ್ಯಕ್ಕೆ ಒಂದೇ ಕಾಯ್ದೆ ಬಂತು. ತೋಟದ ಲೆಕ್ಕಪುಸ್ತಕ ಹಿಡಿದು ಅಧಿಕಾರಿಯ ಮುಂದೆ ಕೂತ ಹಿರಿಯರ ಕಥೆಗಳು ಹಳೆಯ ಮನೆಗಳಲ್ಲಿ ಈಗಲೂ ಸಿಗುತ್ತವೆ. ಆ ತೆರಿಗೆ ಸಡಿಲವಾಗುತ್ತ ಹೋಗಿ ಇಂದಿನ ಸಣ್ಣ ಬೆಳೆಗಾರನಿಗೆ ನೆನಪು ಮಾತ್ರ.

ತೋಟದ ಲೈನ್‌ಮನೆಯ ಕಾರ್ಮಿಕರಂತೂ ಆದಾಯ ತೆರಿಗೆಯ ಹತ್ತಿರಕ್ಕೂ ಬರುವವರಲ್ಲ. ಮೇಲಿನವರದು ಕೃಷಿ ಆದಾಯವೆಂದು, ಕೆಳಗಿನವರದು ಆದಾಯವೇ ಸಾಲದೆಂದು ಇಬ್ಬರೂ ಹೊರಗೆ. ಕಡಿತದ ದುಡ್ಡು ಬರುವುದು ನಡುವಿನ ಒಂದು ತೆಳು ಪದರಕ್ಕೆ. ಅವರಾದರೂ ಅದನ್ನು ಮಹದೇವಪೇಟೆಯಲ್ಲಿ ಖರ್ಚು ಮಾಡುತ್ತಾರೆಯೇ? ಒಂದಿಷ್ಟು ಕಾರಿನ ಕಂತಿಗೆ, ಒಂದಿಷ್ಟು ಮ್ಯೂಚುವಲ್ ಫಂಡಿಗೆ, ಉಳಿದದ್ದು ಮಗಳ ಕೋಚಿಂಗಿಗೆ. ಗೃಹಲಕ್ಷ್ಮಿಯ ವರ್ಷದ 24 ಸಾವಿರ ಆ 80 ಸಾವಿರದ ಮೂರನೇ ಒಂದು ಭಾಗಕ್ಕೂ ಕಡಿಮೆ, ಆದರೆ ಅದರಲ್ಲಿ ಹೆಚ್ಚಿನದು ಇಲ್ಲೇ ದಿನಸಿ ಅಂಗಡಿಯ ಗಲ್ಲಾಕ್ಕೆ ಬೀಳುತ್ತದೆ.

ಈ ಕಡಿತದ ಬಿಲ್ಲು ರಾಜ್ಯಕ್ಕೂ ಬರುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಕೇಂದ್ರ ಸಂಗ್ರಹಿಸಿ ಹಂಚುವ ತೆರಿಗೆಯಲ್ಲಿ ರಾಜ್ಯಗಳ ಪಾಲು ಶೇ 41. ಅದರಲ್ಲಿ ಕರ್ನಾಟಕದ ಪಾಲು 15ನೇ ಹಣಕಾಸು ಆಯೋಗದ ಸೂತ್ರದಂತೆ 2025-26ರ ತನಕ ಶೇ 3.647 ಇತ್ತು, ಅದಕ್ಕೂ ಮೊದಲು ಶೇ 4.713. 2025ರ ಕಡಿತದಿಂದ ಕೇಂದ್ರ ಬಿಟ್ಟುಕೊಟ್ಟ ನೇರ ತೆರಿಗೆ ಸುಮಾರು 1 ಲಕ್ಷ ಕೋಟಿ. ಸ್ಥೂಲವಾಗಿ ಗುಣಿಸಿದರೆ ಕರ್ನಾಟಕಕ್ಕೆ ಬರಬೇಕಾದ್ದರಲ್ಲಿ 1,500 ಕೋಟಿಯಷ್ಟು ಖೋತಾ. ದೆಹಲಿಯಲ್ಲಿ ಚಪ್ಪಾಳೆ, ವಿಧಾನಸೌಧದಲ್ಲಿ ಲೆಕ್ಕ ಹೊಂದಿಸುವ ತಲೆನೋವು.

ಡೀಸೆಲ್ಲಿಗೆ ಎಲ್ಲರೂ ಒಂದೇ

ಆದಾಯ ತೆರಿಗೆ ಮುಟ್ಟದ ಕೊಡಗನ್ನು ಡೀಸೆಲ್ ತೆರಿಗೆ ಬಿಡುವುದಿಲ್ಲ. ಜಿಲ್ಲೆಯಲ್ಲಿ ರೈಲು ಇಲ್ಲ. ಗೊಬ್ಬರ, ಕಬ್ಬಿಣ, ಬೇಳೆ ಎಲ್ಲವೂ ಲಾರಿಯಲ್ಲೇ ಏರು ಹತ್ತಬೇಕು. ಕಾಫಿ ಮೂಟೆ ಲಾರಿಯಲ್ಲೇ ಇಳಿಯಬೇಕು.

ಇದನ್ನು ಹತ್ತಿರದಿಂದ ನೋಡಬೇಕಾದರೆ ಫೆಬ್ರುವರಿ ಕೊನೆಯಲ್ಲಿ ಯಾವುದಾದರೂ ರೊಬಸ್ಟಾ ತೋಟಕ್ಕೆ ಹೋಗಬೇಕು. ಹೂಮಳೆ ಬರುತ್ತದೆಂದು ಕಾದು ಸಾಕಾಗಿ, ಕೆರೆ ದಂಡೆಯಲ್ಲಿ ಡೀಸೆಲ್ ಎಂಜಿನ್ ಇಳಿಸಿ, ಪೈಪ್ ಜೋಡಿಸಿ, ಸ್ಪ್ರಿಂಕ್ಲರ್ ಜೆಟ್ ತಿರುಗಿಸುತ್ತಾರೆ. ಒಂದು ಜಾಗ ನೆನೆದ ಮೇಲೆ ಪೈಪ್ ಬಿಚ್ಚಿ ಮುಂದಿನ ಜಾಗಕ್ಕೆ. ಹಗಲು ರಾತ್ರಿ ಎಂಜಿನ್ ಗುಡುಗುಡು. ಹೂ ಅರಳಿಸದಿದ್ದರೆ ಮುಂದಿನ ವರ್ಷ ಫಸಲಿಲ್ಲ, ಆದ್ದರಿಂದ ರೇಟು ಎಷ್ಟಿದ್ದರೂ ಡೀಸೆಲ್ ಹಾಕಲೇಬೇಕು. ಕರೆಂಟ್ ಪಂಪಿನವರಿಗೆ ಇನ್ನೊಂದು ಕೊರಗು. ಇತರ ರೈತರ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಸಿಗುವ ಉಚಿತ ವಿದ್ಯುತ್ ನಮಗೂ ಬೇಕೆಂಬುದು ಕಾಫಿ ಬೆಳೆಗಾರರ ಹಳೆಯ ಬೇಡಿಕೆ.

ತೆರಿಗೆಗೂ ಖರ್ಚಿಗೂ ಇರುವ ನಂಟು ಬಯಲಾಗುವುದು ಪೆಟ್ರೋಲ್ ಬಂಕಿನ ಬೋರ್ಡಿನಲ್ಲೇ. 2018ರ ಜುಲೈ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ 34 ಸಾವಿರ ಕೋಟಿಯ ಬೆಳೆಸಾಲ ಮನ್ನಾ ಘೋಷಿಸಿದರು. ಅದೇ ಭಾಷಣದಲ್ಲಿ ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ 30ರಿಂದ 32ಕ್ಕೆ, ಡೀಸೆಲ್ ಮೇಲಿನದನ್ನು ಶೇ 19ರಿಂದ 21ಕ್ಕೆ ಏರಿಸಿದರು. ಮದ್ಯಕ್ಕೂ ವಿದ್ಯುತ್ತಿಗೂ ಏರಿಕೆ. ಮರುತಿಂಗಳೇ ಮಡಿಕೇರಿ ಸುತ್ತಲ ಬೆಟ್ಟಗಳು ಜರಿದವು. ಮಕ್ಕಂದೂರು, ಜೋಡುಪಾಲ, ಕಾಲೂರು, ಹಟ್ಟಿಹೊಳೆ ಎಂಬ ಹೆಸರುಗಳು ದೇಶಕ್ಕೆಲ್ಲ ಗೊತ್ತಾದವು. ಸೆಪ್ಟೆಂಬರ್ 17ರಂದು ಅದೇ ಮುಖ್ಯಮಂತ್ರಿ ಕಲಬುರಗಿಯಲ್ಲಿ ಇಂಧನ ಬೆಲೆ ಲೀಟರಿಗೆ 2 ರೂಪಾಯಿ ಇಳಿಸಿದರು. ಒಂದೇ ಮಳೆಗಾಲದಲ್ಲಿ ಸಾಲ ಮನ್ನಾ, ತೆರಿಗೆ ಏರಿಕೆ, ಪರಿಹಾರದ ಖರ್ಚು, ತೆರಿಗೆ ಇಳಿಕೆ ನಾಲ್ಕೂ ಆಗಿಹೋದವು.

ಮುಂದಿನದೂ ಹಾಗೆಯೇ. 2021ರ ದೀಪಾವಳಿಗೆ ಕೇಂದ್ರ ಪೆಟ್ರೋಲಿಗೆ 5, ಡೀಸೆಲ್ಲಿಗೆ 10 ರೂಪಾಯಿ ಅಬಕಾರಿ ಸುಂಕ ಇಳಿಸಿತು, ಬಸವರಾಜ ಬೊಮ್ಮಾಯಿ ಸರ್ಕಾರ ಎರಡಕ್ಕೂ 7 ರೂಪಾಯಿ ಇಳಿಸಿತು. ಆಗ ಡೀಸೆಲ್ ಮೇಲಿನ ರಾಜ್ಯ ತೆರಿಗೆ ಶೇ 24ರಿಂದ ಸುಮಾರು 14.3ಕ್ಕೆ ಬಂದಿತ್ತು. 2024ರ ಜೂನ್ 15ಕ್ಕೆ ಅದು ಶೇ 18.4 ಆಯಿತು, 2025ರ ಏಪ್ರಿಲ್ 1ಕ್ಕೆ ಶೇ 21.17. ಗೃಹಲಕ್ಷ್ಮಿಯಂಥ ಗ್ಯಾರಂಟಿ ಯೋಜನೆಗಳಿಗೆ ದುಡ್ಡು ಹೊಂದಿಸಲು ಈ ಏರಿಕೆ ಎಂದು ವಿರೋಧ ಪಕ್ಷ ಗದ್ದಲ ಎಬ್ಬಿಸಿತು, ನೆರೆ ರಾಜ್ಯಗಳಿಗಿಂತ ನಮ್ಮಲ್ಲೇ ಕಡಿಮೆ ಎಂದು ಸರ್ಕಾರ ಸಮರ್ಥಿಸಿಕೊಂಡಿತು. ಕೇರಳದ ಮಟ್ಟಿಗೆ ಸರ್ಕಾರದ ಮಾತು ನಿಜ.

ಗ್ಯಾರಂಟಿ ಮತ್ತು ಗುಡ್ಡಗಾಡು

ಐದು ಗ್ಯಾರಂಟಿಗಳಿಗೆ 2025-26ರ ರಾಜ್ಯ ಬಜೆಟ್ಟಿನಲ್ಲಿ ಇಟ್ಟದ್ದು 51,034 ಕೋಟಿ. ಬಯಲುಸೀಮೆಗೆ ಹೊಲಿದ ಈ ಯೋಜನೆಗಳು ಕೊಡಗಿನಲ್ಲಿ ಅಲ್ಲಲ್ಲಿ ಬಿಗಿ, ಅಲ್ಲಲ್ಲಿ ಸಡಿಲ. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಸರ್ಕಾರಿ ಬಸ್ಸಿಗೆ ಮಾತ್ರ. ಕೊಡಗಿನ ಎಷ್ಟೋ ಊರುಗಳನ್ನು ಇಂದಿಗೂ ಪೇಟೆಗೆ ಜೋಡಿಸಿರುವುದು ಖಾಸಗಿ ಬಸ್ಸು. ಅದರಲ್ಲಿ ಶೂನ್ಯ ಟಿಕೆಟ್ ಇಲ್ಲ. ಸಾರಿಗೆ ನಿಗಮದ ಬಸ್ಸೇ ಕಾಣದ ಊರಿನ ಹೆಂಗಸಿಗೆ ಉಚಿತ ಪ್ರಯಾಣ ಪೇಪರಿನಲ್ಲಿ ಓದುವ ಸುದ್ದಿ.

ಗೃಹಜ್ಯೋತಿಯ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ ಗೃಹಬಳಕೆಯ ಮೀಟರಿಗೆ ಮಾತ್ರ. ಲೈನ್‌ಮನೆಗೆ ಅಂಥ ಪ್ರತ್ಯೇಕ ಮೀಟರು ಇಲ್ಲದಿದ್ದರೆ ಒಳಗಿರುವವರಿಗೆ ಪ್ರಯೋಜನವಿಲ್ಲ. ಗೃಹಲಕ್ಷ್ಮಿಗೆ ಪಡಿತರ ಚೀಟಿ ಬೇಕು. ಅದು ಇಲ್ಲದ ಯರವ, ಜೇನುಕುರುಬ ಆದಿವಾಸಿ ಕುಟುಂಬಗಳಿಗೆ ಹಣದ ಮೊದಲು ದಾಖಲೆ ಬೇಕು. ಇನ್ನೊಂದು ತುದಿಯಲ್ಲಿ, ಹೋಂಸ್ಟೇ ನಡೆಸಿ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗೃಹಿಣಿಯೂ ಪಟ್ಟಿಯಿಂದ ಹೊರಗೆ. ಅದು ಸರಿಯಾದದ್ದೇ.

ಹೋಂಸ್ಟೇ ಮಾತು ಬಂದದ್ದಕ್ಕೆ ಇದೊಂದು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಇಳಿದಾಗ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿ ಬಾಡಿಗೆಯ ಮೇಲಿನ ತೆರಿಗೆ ಶೇ 12ರಿಂದ 5ಕ್ಕೆ ಬಂತು. 5 ಸಾವಿರದ ಕೊಠಡಿಗೆ 350 ರೂಪಾಯಿ ಉಳಿತಾಯ. ಆದರೆ ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿನ ಹೋಂಸ್ಟೇ ಜಿಎಸ್‌ಟಿ ನೋಂದಣಿಯ ಹೊರಗಿರುವುದರಿಂದ, ಆ್ಯಪ್ ಮೂಲಕ ಬಂದ ಬುಕಿಂಗ್ ಬಿಟ್ಟರೆ ಅಲ್ಲಿ ಇಳಿಸಲು ಏನೂ ಇರಲಿಲ್ಲ. ನೋಂದಣಿ ಇದ್ದಲ್ಲೂ ಶನಿವಾರದ ಬಾಡಿಗೆಯನ್ನು ತೀರ್ಮಾನಿಸುವುದು ತೆರಿಗೆಯಲ್ಲ, ಬೆಂಗಳೂರಿನ ಕಾರುಗಳು. ಇನ್‌ಸ್ಟಂಟ್ ಕಾಫಿಯ ಜಿಎಸ್‌ಟಿ ಕೂಡ ಶೇ 18ರಿಂದ 5ಕ್ಕೆ ಇಳಿಯಿತು. ಬೆಳೆಗಾರನಿಗೆ ಅದರಿಂದ ಬಂದದ್ದು ಅಷ್ಟಕ್ಕಷ್ಟೆ. ಅವನ ಬೆಲೆ ನಿಗದಿಯಾಗುವುದು ಲಂಡನ್ ಮತ್ತು ನ್ಯೂಯಾರ್ಕ್‌ನ ವಾಯಿದಾ ಮಾರುಕಟ್ಟೆಗಳಲ್ಲಿ. 1994ರಲ್ಲಿ ಬ್ರೆಜಿಲ್ಲಿನಲ್ಲಿ ಹಿಮ ಬಿದ್ದು ಬೆಲೆ ಏರಿದಾಗ ಕೊಡಗಿನಲ್ಲಿ ಎದ್ದ ಮನೆಗಳನ್ನು ಯಾವ ಬಜೆಟ್ಟೂ ಕಟ್ಟಿಸಿಲ್ಲ.

ಕಟ್ಟುವ ಖರ್ಚು, ಮಾರ್ಚ್ ತಿಂಗಳು

ಹಾಗಾದರೆ 2.45ರ ಗುಣಕದ ಬಂಡವಾಳ ವೆಚ್ಚವೇ ದಾರಿಯೇ? ನನ್ನ ಒಲವು ಆ ಕಡೆಗೇ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು 2016ರಲ್ಲಿ ಶುರುವಾಯಿತು. ಅಪಘಾತವೋ ಹೆರಿಗೆಯ ತೊಡಕೋ ಆದರೆ ಮೈಸೂರು ಇಲ್ಲವೇ ಮಂಗಳೂರಿಗೆ ಓಡಬೇಕಿದ್ದ ಊರಿಗೆ ವೈದ್ಯ ವಿದ್ಯಾರ್ಥಿಗಳು, ಅಧ್ಯಾಪಕರು, ಅವರ ಬಾಡಿಗೆ ಮನೆಗಳು, ಮೆಸ್ಸುಗಳು ಬಂದವು. ಎಷ್ಟು ತೆರಿಗೆ ಇಳಿಸಿದರೂ ಯಾರೊಬ್ಬರೂ ಸ್ವಂತ ದುಡ್ಡಿನಲ್ಲಿ ತಮಗಾಗಿ ಕೊಳ್ಳಲಾಗದ ವಸ್ತು ಅದು. ಕುಸಿಯುವ ಗುಡ್ಡಕ್ಕೆ ಚರಂಡಿ, ಹೆದ್ದಾರಿಗೆ ತಡೆಗೋಡೆ, ಮಳೆ ಅಳೆಯುವ ವ್ಯವಸ್ಥೆ ಇವೂ ಅದೇ ಜಾತಿಯವು.

ಆದರೆ ಗುಣಕ ತಾನಾಗಿ ಬರುವುದಿಲ್ಲ. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯ ಕೆಳಗೆ, ಮಂಗಳೂರು ರಸ್ತೆಯ ಬದಿಗೆ, ಎತ್ತರದ ತಡೆಗೋಡೆ ಕಟ್ಟಿದರು. 2022ರ ಮಳೆಗಾಲದಲ್ಲಿ ಅದರ ಹಲಗೆಗಳು ಉಬ್ಬಿ ಹೊರಬಂದವು. ಗೋಡೆಯ ಬುಡಕ್ಕೆ ಮರಳು ಮೂಟೆ ಒಟ್ಟಿ, ವಾಹನಗಳನ್ನು ಬೇರೆ ದಾರಿಗೆ ತಿರುಗಿಸಬೇಕಾಯಿತು. ಗುಡ್ಡವನ್ನು ತಡೆಯಬೇಕಾದ ಗೋಡೆಯನ್ನೇ ತಡೆದು ನಿಲ್ಲಿಸುವ ಪಾಡು.

ಕೊಡಗಿಗೆ ಕಾಲದ ತೊಡಕೂ ಇದೆ. ಜೂನಿನಿಂದ ಅಕ್ಟೋಬರ್ ತನಕ ಮಣ್ಣು ಅಗೆಯುವಂತಿಲ್ಲ. ಅನುಮೋದನೆ, ಟೆಂಡರ್ ಎಂದು ಡಿಸೆಂಬರ್ ಕಳೆಯುತ್ತದೆ. ಆರ್ಥಿಕ ವರ್ಷ ಮುಗಿಯುವ ಮೊದಲು ಬಿಲ್ಲು ಆಗಬೇಕು. ಆದ್ದರಿಂದ ಮಾರ್ಚ್ ಕೊನೆಯ ವಾರದಲ್ಲಿ ಊರೂರಲ್ಲಿ ಡಾಂಬರಿನ ವಾಸನೆ, ಜುಲೈ ಹೊತ್ತಿಗೆ ಅದೇ ರಸ್ತೆಯಲ್ಲಿ ಜಲ್ಲಿ. ಮಂದಗತಿಯ ವರ್ಷದಲ್ಲಿ ಸರ್ಕಾರ ಕೂಡಲೇ ಖರ್ಚು ಮಾಡಿ ಆರ್ಥಿಕತೆಯನ್ನು ಎತ್ತಬೇಕು ಎಂಬ ಕೇನ್ಸರ ಸಲಹೆಗೆ ನಮ್ಮ ಮುಂಗಾರು ಕಾಯುವುದಿಲ್ಲ. ಬೇಗ ತಲುಪುವ ವಿಷಯದಲ್ಲಿ ತೆರಿಗೆ ಕಡಿತವೂ ಖಾತೆಗೆ ಹಾಕುವ ಹಣವೂ ಮುಂದೆ ಎಂಬುದನ್ನು ಒಪ್ಪಬೇಕು.

ಕಟ್ಟಿದ್ದನ್ನು ನಡೆಸುವುದಕ್ಕೂ ದುಡ್ಡು ಬೇಕು. 2022-23ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ವಿಶ್ವವಿದ್ಯಾಲಯಗಳಲ್ಲಿ ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯವೂ ಒಂದು. 2025ರ ಫೆಬ್ರುವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ, ಹಣವಿಲ್ಲವೆಂಬ ಕಾರಣಕ್ಕೆ ಇದೂ ಸೇರಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದೆಂಬ ನಿಲುವು ತಳೆಯಿತು. ನಾಮಫಲಕ ಹಾಕುವ ಖರ್ಚಿಗೂ ಮೇಷ್ಟರನ್ನು ನೇಮಿಸುವ ಖರ್ಚಿಗೂ ಇರುವ ದೂರ ಘೋಷಣೆಯ ದಿನ ಯಾರಿಗೂ ಕಾಣಲಿಲ್ಲ.

ಶೇ 24.91

2025-26ರ ರಾಜ್ಯ ಬಜೆಟ್ಟಿನ ಒಟ್ಟು ಗಾತ್ರ 4,09,549 ಕೋಟಿ. ಅದರಲ್ಲಿ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ, ಗ್ಯಾರಂಟಿಯಂಥ ರಾಜಸ್ವ ವೆಚ್ಚ 3,11,739 ಕೋಟಿ. ಹಳೆಯ ಸಾಲದ ಅಸಲು ತೀರಿಸಲು 26,474 ಕೋಟಿ. ಕಟ್ಟುವ ಖರ್ಚಿಗೆ 71,336 ಕೋಟಿ.

ಇನ್ನಷ್ಟು ಸಾಲ ಮಾಡಬಹುದಲ್ಲ ಎಂದರೆ ಅದಕ್ಕೊಂದು ಬೇಲಿ ಇದೆ, ಅದನ್ನು ಕರ್ನಾಟಕವೇ ಹಾಕಿಕೊಂಡದ್ದು. ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು 2002ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು. ಅದರಂತೆ ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪಾದನೆಯ ಶೇ 3ನ್ನು, ಒಟ್ಟು ಹೊಣೆಗಾರಿಕೆ ಶೇ 25ನ್ನು ದಾಟಬಾರದು. 2025-26ರ ಅಂದಾಜಿನಲ್ಲಿ ಕೊರತೆ ಶೇ 2.95, ಹೊಣೆಗಾರಿಕೆ ಶೇ 24.91.

ಬೇಲಿಗೆ ಮೈ ತಾಗಿಸಿ ನಿಂತವರು ಹೊಸ ಭರವಸೆ ಕೊಟ್ಟರೆ, ಅದು ಕಡಿತವಾಗಿರಲಿ ಖರ್ಚಾಗಿರಲಿ, ಇನ್ನೆಲ್ಲಿಂದಲೋ ದುಡ್ಡು ಎತ್ತಲೇಬೇಕು. ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನಾಗಿ ಏರಿಸಬಲ್ಲ ದೊಡ್ಡ ತೆರಿಗೆಗಳು ಉಳಿದಿರುವುದು ನಾಲ್ಕೇ: ಇಂಧನ, ಮದ್ಯ, ವಾಹನ ಮತ್ತು ಮುದ್ರಾಂಕ-ನೋಂದಣಿ. ಆಸ್ತಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಮುಂದಿನ ಬಜೆಟ್ ಭಾಷಣವನ್ನು ಕೊಡಗಿನ ಓದುಗರು ಹಿಂದಿನಿಂದ ಓದುವುದು ಒಳ್ಳೆಯದು. ಘೋಷಣೆಗಳೆಲ್ಲ ಮುಂದಿನ ಪುಟಗಳಲ್ಲಿರುತ್ತವೆ, ತೆರಿಗೆ ಪ್ರಸ್ತಾವನೆಗಳು ಕೊನೆಯಲ್ಲಿ.